ಎಕರೆಗೆ ಎರಡು ಲೀಟರ್

ಹಿಂಗಾರಿ ಬಿತ್ತನೆಗೆ ಹೊಲ ಹಸನು ಮಾಡುವ ದಿನಗಳು. ದ್ಯಾಮಣ್ಣ ಬೆಳಗಿನಿಂದ ಗೌಡರ ಹೊಸ ಟ್ರ್ಯಾಕ್ಟರನ್ನು ಎರೆಹೊಲದಲ್ಲಿ ಓಡಿಸುತ್ತಿದ್ದ. ಹಳೆಯದನ್ನು ಹದಿನಾಲ್ಕು ವರ್ಷ ಓಡಿಸಿದವನೂ ಅವನೇ. ಕೈಗಂಟಿದ ಗ್ರೀಸು ತೊಳೆಯಲಿಕ್ಕೂ ಟ್ಯಾಂಕಿನ ಡೀಸೆಲ್ ಮುಟ್ಟಿದವನಲ್ಲ. ಹೊಸದು ಎಣ್ಣೆ ಕಡಿಮೆ ಕುಡಿಯುತ್ತದೆಂದು ಗೌಡರ ಬೆನ್ನು ಹತ್ತಿ ಕೊಳ್ಳಿಸಿದ್ದೂ ಅವನೇ.

“ನೀ ಹೇಳಿದಷ್ಟು ಉಳೀಲಿ, ನಿನ್ನ ಬಾಕಿ ಪಗಾರಕ್ಕ ಹಳೇ ಗಾಡಿ ನೀನ ಇಟ್ಕೋ” ಎಂದಿದ್ದರು ಗೌಡರು.

ಸಂಜೆ ಗೌಡರು ಟ್ಯಾಂಕಿಗೆ ಕೋಲು ಇಳಿಸಿ ಅಳೆದರು. ನಂಬಿಕೆ ಬರದೆ ಮತ್ತೊಮ್ಮೆ ಅಳೆದರು.

“ಎಕರೆಕ್ಕ ನಾಕ ಲೀಟರ್ ಏನೋ?”

“ಹೌದ್ರೀ ಗೌಡ್ರ. ಹಳೇದು ಆರು ಕುಡೀತಿತ್ತು. ನಾ ಹೇಳಿದ್ದಿಲ್ಲೇನ್ರೀ?”

“ಹೊಲಾನೂ ಅದೇ?”

“ಅದೇ ಹೊಲ, ಅದೇ ನೇಗಿಲ, ಅದೇ ದ್ಯಾಮಣ್ಣ” ಎಂದು ನಗುತ್ತ ಅವನು ಗೌಡರ ಕೈಯಲ್ಲಿದ್ದ ಹಳೆಯ ಗಾಡಿಯ ಕೀಲಿಗೆ ಕೈ ಚಾಚಿದ.

ಗೌಡರು ಕೀಲಿಯನ್ನು ಜೇಬಿಗೆ ಇಳಿಸಿದರು.

“ಹಂಗಾದ್ರ ಹದಿನಾಕ ವರ್ಷ, ಎಕರೆಕ್ಕ ಎರಡು ಲೀಟರ್, ಯಾರ ಮನೀಗೆ ಹೋತಲೇ?”