ಮುಸ್ಕಾನಳ ಎಡಗಣ್ಣು

ಡಾಕ್ಟರ್ ಹೇಮಾ ಊದಿಕೊಂಡಿದ್ದ ರೆಪ್ಪೆಯನ್ನು ಮೆಲ್ಲಗೆ ಎತ್ತಿ, "ನನ್ನ ಬೆರಳು ನೋಡಮ್ಮ" ಎಂದರು. ಆರು ವರ್ಷದ ಮುಸ್ಕಾನಳ ಬಲಗಣ್ಣು ಬೆರಳಿನ ಹಿಂದೆ ಸರಿಯಿತು. ಎಡಗಣ್ಣು ನಟ್ಟಂತೆ ನಿಂತೇ ಇತ್ತು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಸುಮೈರಾ ಅವಳನ್ನು ಎದೆಗೆ ಒತ್ತಿಕೊಂಡಳು. ಅದಿರಿನ ಲಾರಿಗಳ ಧೂಳು ಬಿದ್ದಿದೆ ಎಂದುಕೊಂಡು ಕುರುಗೋಡಿನಲ್ಲಿ ಮನೆಯವರು ಬರೀ ಹನಿ ಔಷಧಿ ಹಾಕುತ್ತಾ ಕೂತಿದ್ದರು.

"ಇದು ಧೂಳಲ್ರಿ. ನೆಗಡಿ ಆಗಿತ್ತಲ್ಲ, ಆ ಸೋಂಕು ಮೂಗಿನ ಪಕ್ಕದಿಂದ ಕಣ್ಣಿನ ಗೂಡಿಗೆ ಇಳಿದೈತಿ" ಎಂದರು ಡಾಕ್ಟರು. ಕೂಡಲೇ ನರಕ್ಕೆ ಇಂಜೆಕ್ಷನ್ ಶುರುಮಾಡಿದರು. ಸ್ಕ್ಯಾನ್ ಮಾಡಿಸಿದಾಗ ಕಣ್ಣಿನ ಹಿಂದೆ ಕೀವು ಕಂಡಿತು. "ಇವತ್ತೇ ಆಪರೇಷನ್ ಮಾಡಿ ತೆಗೀಬೇಕು. ತಡಾ ಆದ್ರ ದೃಷ್ಟಿ ಹೋಗಬಹುದು."

ಸುಮೈರಾಳ ಮಾವ, ಮುಸ್ಕಾನ್ 'ದಾದಾ' ಎಂದು ಕರೆಯುವ ಅಜ್ಜ ಖಾದರಸಾಬ್ ಒಪ್ಪಲಿಲ್ಲ. "ಕೂಸಿನ ಅಪ್ಪ ನದೀಮ್ ಲಾರಿ ತಗೊಂಡು ಬಂದರಿಗೆ ಹೋಗ್ಯಾನ. ಅವ ಬರೂತನಕ ಕೂಸಿನ ಕಣ್ಣಿಗೆ ಕತ್ತರಿ ಹಾಕೂದು ಬ್ಯಾಡ."

ಮದುವೆಯಾದಾಗಿನಿಂದ ಸುಮೈರಾ ಮಾವನಿಗೆ ಎದುರಾಡಿದವಳಲ್ಲ. ಈಗಲೂ ಅವರತ್ತ ನೋಡದೆ, ಡಾಕ್ಟರ ಕಡೆ ತಿರುಗಿದಳು. "ಕೂಸಿನ ತಾಯಿ ನಾ ಅದೀನ್ರಿ. ಮಾಡ್ರಿ." ಖಾದರಸಾಬ್ ಎದ್ದು ಹೊರಗೆ ಹೋದರು.

ಕೀವನ್ನು ಮೂಗಿನ ಮೂಲಕವೇ ತೆಗೆದರು. ಬಾವು ಇಳಿದು ರೆಪ್ಪೆ ತಾನಾಗಿ ತೆರೆದ ಬೆಳಿಗ್ಗೆ, ಡಾಕ್ಟರ್ ಹೇಮಾ ಹುಡುಗಿಯ ಬಲಗಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ, "ಈಗ ಏನ್ ಕಾಣ್ತೈತಿ ಹೇಳು" ಎಂದರು.

ಮುಸ್ಕಾನ್ ಬಾಗಿಲ ಕಡೆ ದಿಟ್ಟಿಸಿದಳು.

"ದಾದಾ ನಿಂತಾರ," ಎಂದಳು. "ಅಳಾಕತ್ಯಾರ."