ಎಲ್ಲರೂ ಇಳಿದರು

ಅಪಾರ್ಟ್‌ಮೆಂಟಿನ ಮಕ್ಕಳ ಸುರಕ್ಷತಾ ದಿನದ ಕೊನೆಗೆ ಬೆಂಕಿಯ ಅಣಕು ಪ್ರದರ್ಶನವಿತ್ತು. ಗಂಟೆ ಹೊಡೆದ ಕೂಡಲೇ ಎಲ್ಲ ಮನೆಯವರೂ ಮೆಟ್ಟಿಲಿಳಿದು ಅಂಗಳದಲ್ಲಿ ಸೇರಬೇಕು. ಸಂಘದ ಅಧ್ಯಕ್ಷೆ ತಮ್ಮ ಮನೆಯಿಂದಲೇ ಶುರುಮಾಡಿ ಪಟ್ಟಿಯ ಒಂದೊಂದು ಹೆಸರಿಗೂ ಗುರುತು ಹಾಕಿದರು. ಉಳಿದದ್ದು ಹತ್ತು ವರ್ಷದ ಒಬ್ಬಳು ಹುಡುಗಿ. ಅವಳು ಮೂರನೇ ಮಹಡಿಯ ಕಾರಿಡಾರಿನಲ್ಲಿ ಕಂಬಿ ಹಿಡಿದು ನಿಂತಿದ್ದಳು.

“ಇಳಿಯೇ ಕೆಳಗೆ! ಎಲ್ಲರ ಮುಂದೆ ಮಾನ ಕಳೀತಿದೀಯ,” ಎಂದು ಅವಳ ಅಪ್ಪ ಕೂಗಿದ.

“ಇಳಿಯಲ್ಲ.”

“ನಿಜವಾಗ್ಲೂ ಬೆಂಕಿ ಬಿದ್ದಿದ್ರೂ ಹೀಗೇ ನಿಂತಿರ್ತಿದ್ಯಾ ಪುಟ್ಟಾ?” ಅಧ್ಯಕ್ಷೆ ಮೈಕಿನಲ್ಲಿ ನಕ್ಕರು.

“ಹೂಂ, ಹೀಗೇ.”

“ಹೀರೋಯಿನ್ನು! ಎತ್ಕೊಂಡು ಬರೋಕೆ ಹೀರೋನೇ ಬರ್ಬೇಕೇನೋ,” ಎಂದು ಯಾರೋ ಅಂದರು. ಜನ ಗೊಳ್ಳೆಂದಿತು.

ಅಗ್ನಿಶಾಮಕ ದಳದವನೊಬ್ಬನೇ ನಗಲಿಲ್ಲ. “ಆರು ನಿಮಿಷ ಆಯ್ತು. ನಿಜವಾದ ಬೆಂಕಿ ಆಗಿದ್ರೆ ಇಷ್ಟೊತ್ತಿಗೆ ಆ ಮಹಡಿ ಪೂರ್ತಿ ಹೊಗೆ,” ಎಂದ.

“ಬೆಳಗ್ಗಿಂದ ನಿಂಗೆ ಹೇಳ್ಕೊಟ್ಟಿದ್ದೇನು?” ಅಪ್ಪ ಗದರಿದ.

“ಯಾರಾದ್ರೂ ಒಳಗೆ ಉಳಿದಿದ್ರೆ ಕೂಗಿ ಹೇಳ್ಬೇಕು ಅಂತ.”

“ಎಲ್ಲರೂ ಇಳಿದಿದಾರಮ್ಮ! ಗುರುತು ಹಾಕಿದ್ದು ನಾನೇ,” ಎಂದರು ಅಧ್ಯಕ್ಷೆ, ಈಗ ನಗದೆ.

ಹುಡುಗಿ ತಿರುಗಿ ಬೆನ್ನ ಹಿಂದಿನ ಬಾಗಿಲನ್ನು ಬಡಿದಳು. ಒಳಗಿನಿಂದಲೂ ಯಾರೋ ಬಡಿದರು.

“ನಾಳೆ ಪರೀಕ್ಷೆ, ಕೂತು ಓದ್ಲಿ ಅಂತ ನಿಮ್ಮ ಮಗಳನ್ನ ಒಳಗಿಟ್ಟು ಬೀಗ ಹಾಕಿದ್ದೂ ನೀವೇ ಆಂಟಿ. ಕೀ ಮೇಲಕ್ಕೆ ಎಸೀರಿ, ಇಬ್ರೂ ಇಳೀತೀವಿ.”