ಆ ಫೋನ್ ಯಾರ ಕೈಲಿತ್ತು

“ಆ ಫೋನ್ ಯಾರ ಕೈಲಿತ್ತು? ಅದೊಂದು ಹೇಳಿ, ಸಾಕು.”

ಆ ತಾಯಿ ಕುರ್ಚಿಯಲ್ಲಿ ಕೂರಲಿಲ್ಲ. ಕೊಟ್ಟ ಚಹಾ ಮುಟ್ಟಲಿಲ್ಲ. ಮೈಮೇಲೆ ಕಪ್ಪು ಉಡುಪು, ಎದೆಗವಚಿಕೊಂಡ ಒಂದು ಫೋಟೋ. ಅದರೊಳಗೆ ಬೇಸ್‌ಬಾಲ್ ಟೋಪಿ ಹಾಕಿಕೊಂಡ ಹುಡುಗನೊಬ್ಬ ನಗುತ್ತಿದ್ದ.

ಮೇಜಿನ ಈಚೆ ನಿಂತಿದ್ದ ಸೆಗಾವಾನ ಬೆನ್ನಲ್ಲಿ ಬೆವರಿಳಿಯಿತು. ಜಪಾನಿನ ಕನಜಾವಾ ನಗರದ ವಿಶ್ವವಿದ್ಯಾಲಯವೊಂದರಲ್ಲಿ, ವಿದೇಶಕ್ಕೆ ಓದಲು ಹೋಗುವವರ ಸುರಕ್ಷತೆ ನೋಡಿಕೊಳ್ಳುವ ವಿಭಾಗಕ್ಕೆ ಅವನು ಮುಖ್ಯಸ್ಥನಾಗಿ ಬಂದು ಎರಡೂವರೆ ತಿಂಗಳು. ಅದಕ್ಕೆ ಮೊದಲು ಗ್ರಂಥಾಲಯದಲ್ಲಿದ್ದ. ಅಲ್ಲಿ ಪುಸ್ತಕ ಕಳೆದುಹೋದರೆ ಅದೇ ದೊಡ್ಡ ಸಾವು.

“ತನಿಖೆ ನಡೀತಾ ಇದೆ, ಅಮ್ಮಾ...”

“ಮೂರು ದಿನ ಹೊಟ್ಟೆನೋವು ಅಂತ ಒದ್ದಾಡಿದಾನೆ. ಗೊತ್ತಿಲ್ಲದ ಊರು, ಬಾರದ ಭಾಷೆ. ನಿಮ್ಮ ಕೈಪಿಡೀಲಿ ಏನಂತಿದೆ? ನೀವಾಗೇ ಆಸ್ಪತ್ರೆಗೆ ಹೋಗ್ಬೇಡಿ, ಮೊದಲು ಈ ನಂಬರಿಗೆ ಫೋನ್ ಮಾಡಿ ಅಂತ ತಾನೇ? ನನ್ನ ಮಗ ಹೇಳಿದ ಮಾತು ಮೀರೋನಲ್ಲ. ಮಾಡಿದ. ಏಪ್ರಿಲ್ ಒಂದು, ಇಲ್ಲಿ ಬೆಳಿಗ್ಗೆ ಒಂಬತ್ತೂಕಾಲು. ನಾಲ್ಕು ಸಲ ಮಾಡಿದ. ಯಾರೂ ಎತ್ಲಿಲ್ಲ. ಅಪೆಂಡಿಕ್ಸ್ ಒಡೆದುಹೋಯ್ತು. ಫೋನ್ ಯಾರ ಕೈಲಿತ್ತು?”

ಸೆಗಾವಾ ಪಕ್ಕದಲ್ಲಿದ್ದ ಸಹಾಯಕಿ ತೊಕುನಾಗಾಳತ್ತ ನೋಡಿದ. ಅವಳು ಕಣ್ಣಲ್ಲೇ ನೆಲ ತೋರಿಸಿದಳು. ಅವನು ಸೊಂಟದಿಂದ ಬಾಗಿದ. ಅವಳೂ ಬಾಗಿದಳು. ಗೋಡೆಯುದ್ದಕ್ಕೂ ನಿಂತಿದ್ದ ಆರು ಮಂದಿಯೂ ಬಾಗಿದರು.

“ನಮ್ಮ ತಪ್ಪು. ಕ್ಷಮಿಸಬೇಕು.”

ತಾಯಿ ಬಾಗಿದ ತಲೆಗಳನ್ನು ಒಂದೊಂದಾಗಿ ನೋಡುತ್ತ ಹೋದಳು. ಕೊನೆಯ ತಲೆಯವರೆಗೂ ನೋಡಿದಳು.

ಮೇಜಿನ ಮೇಲಿನ ಗಡಿಯಾರದ ಅಲಾರಂ ಬಡಿಯಿತು.

“ಮುಗೀತು! ಸರಿಯಾಗಿ ಇಪ್ಪತ್ತು ನಿಮಿಷ!” ತೊಕುನಾಗಾ ಚಪ್ಪಾಳೆ ತಟ್ಟಿದಳು. “ಸೆಗಾವಾ ಸಾನ್, ಬಾಗಿದ್ದು ಸಾಲ್ದು. ಮೂರು ಎಣಿಸೋವರ್ಗೂ ತಲೆ ಎತ್ತಬಾರ್ದು. ನೀವು ಎರಡಕ್ಕೇ ಎದ್ಬಿಟ್ರಿ.”

“ಸೊಂಟ ಹಿಡ್ಕೊಂಡ್ಬಿಡ್ತು ಕಣ್ರೀ.”

“ಆ ಹೊಟ್ಟೆ ಇಟ್ಕೊಂಡು ಎರಡರವರೆಗೆ ಬಗ್ಗಿದ್ದೇ ಹೆಚ್ಚು,” ಎಂದಳು ತಾಯಿ. ಗೋಡೆಯ ಬಳಿಯಿದ್ದವರೆಲ್ಲ ಗೊಳ್ಳೆಂದರು.

ಬೇಸಿಗೆಯ ತಂಡ ವಿಮಾನ ಹತ್ತುವ ಮುಂಚೆ, ಪ್ರತಿ ಜೂನ್‌ನಲ್ಲೂ ನಡೆಯುವ ಅಣಕು ತಾಲೀಮು ಅದು. ವಿದ್ಯಾರ್ಥಿಯೊಬ್ಬ ಹೊರದೇಶದಲ್ಲಿ ಸತ್ತರೆ ಹೆತ್ತವರ ಮುಂದೆ ಹೇಗೆ ನಿಲ್ಲಬೇಕು ಎಂಬ ಅಭ್ಯಾಸ. ಯಾವುದೋ ಹಳೆಯ ಘಟನೆ ನೋಡಿ ಬರೆದ ಸಂಭಾಷಣೆಯಂತೆ. ಬರೆದವರು ವರ್ಗವಾಗಿ ಹೋಗಿದ್ದಾರೆ. ಮೂರು ವರ್ಷಕ್ಕೊಮ್ಮೆ ಎಲ್ಲರಿಗೂ ವರ್ಗ. ಕಡತ ಉಳಿಯುತ್ತದೆ, ಮುಖಗಳು ಉಳಿಯುವುದಿಲ್ಲ. ಉಳಿದದ್ದು ಒಂದೇ ಮುಖ: ಕ್ಯಾಂಟೀನಿನಲ್ಲಿ ಅನ್ನ ಬಡಿಸುವ ಫುಮಿಯೆ, ಎಲ್ಲರ ಬಾಯಲ್ಲಿ ದೊಡ್ಡಮ್ಮ. ಐದು ವರ್ಷದಿಂದ ತಾಯಿಯ ಪಾತ್ರ ಅವಳದೇ.

ಹೊಸದಾಗಿ ಚಹಾ ಬಂತು, ಕೆಂಪು ಕಾಳಿನ ಸಿಹಿ ಹೂರಣ ತುಂಬಿದ ಕಡುಬೂ ಬಂತು.

“ದೊಡ್ಡಮ್ಮ, ನೀವು ನಾಟಕದ ಕಂಪನಿ ಸೇರ್ಬೇಕಿತ್ತು,” ಎಂದ ಸೆಗಾವಾ. “ಇದು ತಾಲೀಮು ಅನ್ನೋದೇ ಮರ್ತ್‌ಹೋಗಿತ್ತು ನನ್ಗೆ.”

“ಅನ್ನದ ಸೌಟೇ ಸಾಕಪ್ಪ. ಅದು ಎದುರು ಮಾತಾಡಲ್ಲ.”

“ಬರೆದಿದ್ದು ಮಾತ್ರ ಹೇಳಲ್ಲ ಇವ್ರು,” ಎಂದಳು ತೊಕುನಾಗಾ. “ಒಂದು ಸಲ ಫೋನ್ ಮಾಡಿದ ಅಂತ ಬರೆದಿದ್ರೆ ನಾಲ್ಕು ಮಾಡ್ತಾರೆ.”

“ಒಂದಕ್ಕೆ ನೀವು ಯಾರಾದ್ರೂ ಬೆವರ್ತೀರಾ?” ಫುಮಿಯೆ ಕಡುಬು ಮುರಿದಳು, ಬಾಯಿಗಿಡಲಿಲ್ಲ. “ಆದ್ರೂ ಒಂದು ಕೇಳ್ತೀನಿ. ಪ್ರತಿ ವರ್ಷ ತನಿಖೆ ನಡೀತಾ ಇದೆ ಅಂತೀರಿ. ಆ ಫೋನು ನಿಜಕ್ಕೂ ಯಾರ ಹತ್ರ ಇರುತ್ತೆ?”

“ಇಲ್ಲೇ ಇದೆಯಲ್ಲ!” ಸೆಗಾವಾ ಸೊಂಟದ ಮೇಲಿದ್ದ ಫೋನನ್ನು ತಟ್ಟಿದ. “ಹಗಲೂ ರಾತ್ರಿ, ಮೂತ್ರಕ್ಕೆ ಹೋದ್ರೂ ಬಿಡಲ್ಲ. ಆದ್ರೆ ನಾನು ಬಂದ ದಿನದ ಕಥೆ ಕೇಳಿ. ಏಪ್ರಿಲ್ ಒಂದು, ವರ್ಗದ ದಿನ. ಹಳಬರು ಎದ್ದು ಹೋಗಿದ್ರು. ನಾವು ಆಗತಾನೇ ಕೂತಿದ್ವಿ. ಫೋನು ರಟ್ಟಿನ ಡಬ್ಬೀಲಿ, ಹಸ್ತಾಂತರದ ಪತ್ರದ ಜೊತೆ. ಬಡ್ಕೋತಾ ಇದೆ! ಎತ್ತೋಕೆ ಹೋದೆ. ಇವ್ರು ನನ್ನ ಕೈ ಹಿಡ್ಕೊಂಡ್ರು.”

“ಪತ್ರಕ್ಕೆ ಮೇಲಿನವರ ಮೂರು ಮೊಹರು ಬಿದ್ದಿರ್ಲಿಲ್ಲವಲ್ಲ,” ಎಂದಳು ತೊಕುನಾಗಾ. “ಮೊಹರು ಬೀಳೋವರ್ಗೂ ಅದು ನಿಮ್ದಲ್ಲ.”

“ಮತ್ತೆ ಯಾರ್ದು?” ಫುಮಿಯೆ ಕೇಳಿದಳು.

“ಅದೇ ತಮಾಷೆ, ದೊಡ್ಡಮ್ಮ! ಹಳಬರು ಬಿಟ್ಟಾಯ್ತು, ಹೊಸಬರಿಗೆ ಬಂದಿಲ್ಲ. ಮೂರನೇ ಮೊಹರು ಬಿದ್ದಾಗ ಮಧ್ಯಾಹ್ನ. ಅಷ್ಟೊತ್ತಿಗೆ ಬಡ್ಕೊಳ್ಳೋದು ನಿಂತಿತ್ತು. ಯಾರೋ ತಪ್ಪು ನಂಬರು.”

“ಈ ವರ್ಷ ಮಾತ್ರಾನಾ?”

“ಪ್ರತಿ ವರ್ಷಾನೂ. ಯಾರಿಗೂ ವರ್ಗ ಇಲ್ದಿದ್ರೂ ಏಪ್ರಿಲ್ ಒಂದಕ್ಕೆ ಹೊಸ ಮೊಹರು ಬೀಳ್ಬೇಕು. ನಾನು ಬಂದ ವರ್ಷವೂ ಡಬ್ಬೀಲೇ ಇತ್ತು,” ಎಂದಳು ತೊಕುನಾಗಾ. “ಮೊದಲಿಂದ್ಲೂ ಹಾಗೇ ಅಂತೆ.”

ಫುಮಿಯೆ ಕೈಲಿದ್ದ ಕಡುಬನ್ನು ತಟ್ಟೆಯಲ್ಲಿಟ್ಟಳು. “ಬದಲಾಯಿಸೋಕಾಗಲ್ವಾ?”

“ಬದಲಾಯಿಸೋಕೂ ಮೂರು ಮೊಹರು ಬೇಕು!” ಎಂದ ಸೆಗಾವಾ. ಮತ್ತೆ ನಗೆ ಎದ್ದಿತು.

ಫುಮಿಯೆ ಫೋಟೋವನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ ಎದ್ದಳು.

“ಮುಂದಿನ ಜೂನ್‌ಗೂ ನೀವೇ ಬರ್ಬೇಕು,” ಎಂದಳು ತೊಕುನಾಗಾ.

“ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ನನ್ನ ಪಾತ್ರ ಮುಗೀತು.”

ಬಾಗಿಲ ಬಳಿ ತಿರುಗಿ ಅವರಿಗೆಲ್ಲ ಬಾಗಿದಳು. ಮೂರಕ್ಕಿಂತ ಹೆಚ್ಚೇ ಎಣಿಸುವಷ್ಟು ಹೊತ್ತು.

ಸಂಜೆ ಮನೆಯಲ್ಲಿ, ಪೂಜೆಯ ಮರದ ಗೂಡಿನೊಳಗೆ, ಆರು ವರ್ಷದಿಂದ ಅಲ್ಲೇ ಇರುವ ಅಸ್ಥಿಯ ಕುಡಿಕೆಯ ಪಕ್ಕಕ್ಕೆ ಅವಳು ಆ ಫೋಟೋವನ್ನು ಮತ್ತೆ ಇಟ್ಟಳು, ಊದುಬತ್ತಿ ಹಚ್ಚಿ ಹೇಳಿದಳು: “ಯಾರ ಕೈಲೂ ಇರ್ಲಿಲ್ವಂತೆ ಕಣೋ, ಶೋಹೆ.”